ವಾಗ್ದಾನದ ಕಾರ್ಡು ಮತ್ತು ಪೂರ್ತಿ ಪತ್ರ: ಬೈಬಲಿನ ಒಂದು ವಾಕ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಬಗೆ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಯುವಾಗ ಗಂಟೆ ಹನ್ನೆರಡು ದಾಟಿರುತ್ತದೆ. ನಮ್ಮ ಸಭೆಯಲ್ಲಿ ಆಗ ಒಂದು ತಟ್ಟೆ ಬರುತ್ತದೆ. ಅದರಲ್ಲಿ ಸಣ್ಣ ಸಣ್ಣ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಬೇಕು. ಬಂದ ವಾಕ್ಯವೇ ಆ ವರ್ಷದ ವಾಗ್ದಾನ. ಮನೆಗೆ ಹೋಗಿ ಗೋಡೆಗೋ ಕನ್ನಡಿಯ ಮೂಲೆಗೋ ಅಂಟಿಸಿಕೊಳ್ಳುತ್ತೇವೆ.

ಒಂದು ವರ್ಷ ನಮ್ಮ ಬೀದಿಯ ಅಕ್ಕ ಒಬ್ಬರಿಗೆ ಯೆರೆಮೀಯ 29:11, ಅಂದರೆ ಯೆರೆಮೀಯ ಎಂಬ ಪ್ರವಾದಿಯ ಗ್ರಂಥದ 29ನೇ ಅಧ್ಯಾಯದ 11ನೇ ವಾಕ್ಯ ಬಂತು. ನಿಮ್ಮ ವಿಷಯದಲ್ಲಿ ನನಗಿರುವುದು ಕೇಡಿನ ಯೋಚನೆಯಲ್ಲ, ಒಳ್ಳೆಯ ಯೋಚನೆ, ನಿಮಗೆ ಮುಂದೆ ಒಂದು ದಾರಿಯಿದೆ, ನಿರೀಕ್ಷೆಯಿದೆ ಎಂದು ದೇವರು ಹೇಳುವ ಮಾತು. ಆಗ ಅವರ ಯಜಮಾನರು ಆಸ್ಪತ್ರೆಯಲ್ಲಿದ್ದರು. "ಅಕ್ಕಾ, ಇನ್ನೇನು ಬೇಕು? ದೇವರೇ ಮಾತು ಕೊಟ್ಟಿದ್ದಾರೆ, ಅಣ್ಣ ಎದ್ದು ಬರ್ತಾರೆ" ಎಂದು ನಾನೇ ಹೇಳಿದ್ದೆ. ಮಾರ್ಚಿಯಲ್ಲಿ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬಂದ ಸಂಜೆ ಅಕ್ಕ ಕೇಳಿದರು: "ಹಾಗಾದ್ರೆ ಆ ವಾಕ್ಯ ನನಗಲ್ವಾ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾಕ್ಯ ನನಗೆ ಬಾಯಿಪಾಠವಾಗಿತ್ತು. ಆದರೆ ಅದರ ಹಿಂದಿನ ಹತ್ತು ವಾಕ್ಯಗಳನ್ನು ನಾನು ಒಮ್ಮೆಯೂ ಗಮನವಿಟ್ಟು ಓದಿರಲಿಲ್ಲ. ಅದು ಒಂದು ಪತ್ರದ ನಡುವಿನ ಸಾಲು, ಯಾರೋ ಯಾರಿಗೋ ಬರೆದದ್ದು ಎನ್ನುವುದೂ ಗೊತ್ತಿರಲಿಲ್ಲ. ಅಲ್ಲಿಂದ ನಾನು ಓದುವ ರೀತಿ ಬದಲಾಯಿತು. ಈಗ ಹೇಳಹೊರಟಿರುವುದು ಆ ರೀತಿಯನ್ನೇ. ಉದಾಹರಣೆಗೂ ಅದೇ ವಾಕ್ಯವನ್ನು ಇಟ್ಟುಕೊಳ್ಳೋಣ.

ಏನು ಬೇಕು

ಜಾಸ್ತಿ ಏನೂ ಬೇಡ. ಒಂದು ನೋಟ್ ಪುಸ್ತಕ, ಪೆನ್ಸಿಲ್, ಸಾಧ್ಯವಾದರೆ ಎರಡು ಕನ್ನಡ ಅನುವಾದಗಳು. ಬೈಬಲ್ ಸೊಸೈಟಿ ಆಫ್ ಇಂಡಿಯಾದವರ ಹಳೆಯ 'ಸತ್ಯವೇದವು' ಹೆಚ್ಚಿನ ಮನೆಗಳಲ್ಲಿ ಇದೆ. ಅವರದೇ ಸರಳ ಕನ್ನಡದ ಅನುವಾದವೂ ಸಿಗುತ್ತದೆ. ಕೊಳ್ಳಲು ಆಗದಿದ್ದರೆ ಮೊಬೈಲಿನ ಬೈಬಲ್ ಆ್ಯಪ್‌ಗಳಲ್ಲಿ ಕನ್ನಡ ಅನುವಾದಗಳು ಪುಕ್ಕಟೆ ಇವೆ.

ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಕೊಡಿ. ಒಂದೇ ಭಾಗದ ಮೇಲೆ ಒಂದು ವಾರ ಕೂರುವುದು ಮೊದಮೊದಲು ಕಷ್ಟ ಅನಿಸುತ್ತದೆ. ದಿನಕ್ಕೆ ಮೂರು ಅಧ್ಯಾಯ ಓದಿ ಮುಗಿಸುವ ಅಭ್ಯಾಸ ಇರುವವರಿಗಂತೂ ಇನ್ನೂ ಕಷ್ಟ. ಆ ಓದನ್ನು ಬಿಡಬೇಡಿ. ಇದನ್ನು ಅದರ ಜೊತೆಗೆ ಇಟ್ಟುಕೊಳ್ಳಿ.

ಕುಳಿತ ಕೂಡಲೇ ಚಿಕ್ಕ ಪ್ರಾರ್ಥನೆ ಮಾಡಿ. ಕ್ರೈಸ್ತರಿಗೆ ಇದು ಬರೀ ಹಳೆಯ ಬರಹದ ಅಧ್ಯಯನವಲ್ಲ. ಬರೆಸಿದ ಪವಿತ್ರಾತ್ಮನೇ ಓದುವವರಿಗೂ ತಿಳಿಸಿಕೊಡುತ್ತಾನೆ ಎಂಬ ನಂಬಿಕೆಯಿಂದ ನಾವು ಓದುತ್ತೇವೆ. ಆದರೆ ಪ್ರಾರ್ಥಿಸಿದೆನಲ್ಲ ಎಂದು ಓದುವ ಶ್ರಮವನ್ನು ಬಿಡುವ ಹಾಗಿಲ್ಲ.

ಮೊದಲ ಹೆಜ್ಜೆ: ಸಂಖ್ಯೆಗಳನ್ನು ಮರೆತು ಪೂರ್ತಿ ಓದಿ

ಅಧ್ಯಾಯ, ವಾಕ್ಯ ಎಂಬ ಸಂಖ್ಯೆಗಳು ಮೂಲ ಬರಹದಲ್ಲಿ ಇರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬ ವಿದ್ವಾಂಸರದ್ದು ಎನ್ನುತ್ತಾರೆ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ವಾಕ್ಯ ಸಂಖ್ಯೆಗಳನ್ನು ಹಾಕಿದ್ದು ರೊಬೆರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ಇವು ತುಂಬ ಉಪಕಾರಿ. ಆದರೆ ಇವುಗಳಿಂದಲೇ ನಮಗೆ ಒಂದೊಂದು ವಾಕ್ಯವೂ ಬೇರೆ ಬೇರೆ ಮಾತು ಎಂಬ ಭಾವನೆ ಬಂದುಬಿಟ್ಟಿದೆ.

ಆದ್ದರಿಂದ 29:11 ನೋಡುವ ಮೊದಲು ಯೆರೆಮೀಯ 27, 28, 29 ಈ ಮೂರೂ ಅಧ್ಯಾಯಗಳನ್ನು ಒಂದೇ ಸಲಕ್ಕೆ ಜೋರಾಗಿ ಓದಿ. ಮನೆಯವರು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಈ ಪತ್ರ ಮೊದಲು ಊರಿಗೆ ತಲುಪಿದಾಗಲೂ ಯಾರೋ ಒಬ್ಬರು ಓದಿರಬೇಕು, ಉಳಿದವರು ಸುತ್ತ ಕೂತು ಕೇಳಿರಬೇಕು, ಅಲ್ವಾ? ಎರಡನೆಯ ದಿನ ಇನ್ನೊಂದು ಅನುವಾದದಲ್ಲಿ ಅದೇ ಭಾಗವನ್ನು ಓದಿ. ಈ ಎರಡು ದಿನ ಅರ್ಥ ಹೇಳಲು ಹೋಗಬೇಡಿ.

ಎರಡನೆಯ ಹೆಜ್ಜೆ: ಕಂಡದ್ದನ್ನು ಬರೆಯಿರಿ

ಈಗ ನೋಟ್ ಪುಸ್ತಕ ತೆಗೆಯಿರಿ. ಯಾರು, ಯಾರಿಗೆ, ಯಾವಾಗ, ಎಲ್ಲಿಂದ, ಏನು. ಅಷ್ಟೇ. "ಇದರಿಂದ ನನಗೇನು" ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಡಿ. ನಾವು ಎಡವುವುದು ಹೆಚ್ಚಾಗಿ ಇಲ್ಲೇ. ಓದುತ್ತಿರುವಾಗಲೇ ಮನಸ್ಸು ನಮ್ಮ ಕಷ್ಟದ ಕಡೆಗೆ ಓಡಿಬಿಡುತ್ತದೆ.

29ನೇ ಅಧ್ಯಾಯದಲ್ಲಿ ನಾನು ಬರೆದುಕೊಂಡದ್ದು ಇಷ್ಟು. ಬರೆದವನು ಯೆರೆಮೀಯ, ಯೆರೂಸಲೇಮಿನಿಂದ. ಬರೆದದ್ದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಹಿರಿಯರು, ಯಾಜಕರು, ಪ್ರವಾದಿಗಳು ಮತ್ತು ಎಲ್ಲ ಜನರಿಗೆ. ಅರಸ ಯೆಕೊನ್ಯ, ರಾಜಮಾತೆ, ಅಧಿಕಾರಿಗಳು, ಬಡಗಿ ಕಮ್ಮಾರರೆಲ್ಲ ಊರು ಬಿಟ್ಟುಹೋದ ಮೇಲೆ ಬರೆದದ್ದು. ಪತ್ರ ಒಯ್ದವರು ಇಬ್ಬರು, ಎಲ್ಲಾಸ ಮತ್ತು ಗೆಮರ್ಯ. ಅವರ ಹೆಸರೂ ಇದೆ!

ಪತ್ರದ ಒಳಗೆ ಏನಿದೆ? 4ನೇ ವಾಕ್ಯದಲ್ಲಿ ದೇವರು, ನಿಮ್ಮನ್ನು ಸೆರೆಗೆ ಕಳಿಸಿದವನು ನಾನೇ ಎನ್ನುತ್ತಾನೆ. 5 ಮತ್ತು 6ರಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿಸಿ ಎನ್ನುತ್ತಾನೆ. 7ರಲ್ಲಿ ನಿಮ್ಮನ್ನು ಸೆರೆಯೊಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ, ಅದರ ಕ್ಷೇಮದಲ್ಲಿ ನಿಮ್ಮ ಕ್ಷೇಮ ಇದೆ ಎನ್ನುತ್ತಾನೆ. 8 ಮತ್ತು 9ರಲ್ಲಿ ನಿಮ್ಮ ನಡುವಿನ ಪ್ರವಾದಿಗಳ ಮಾತಿಗೆ ಮೋಸಹೋಗಬೇಡಿ ಎಂಬ ಎಚ್ಚರಿಕೆ. 10ರಲ್ಲಿ ಒಂದು ಲೆಕ್ಕ: ಎಪ್ಪತ್ತು ವರ್ಷ. ಆಮೇಲೆ ನಮ್ಮ 11 ಬರುತ್ತದೆ.

ಎಪ್ಪತ್ತು ವರ್ಷ! ಪೆನ್ಸಿಲಿನಲ್ಲಿ ಅದರ ಸುತ್ತ ಒಂದು ಗುಂಡು ಹಾಕಿ. ಪತ್ರ ಕೇಳಿಸಿಕೊಂಡ ಮೂವತ್ತು ವರ್ಷದ ಗಂಡಸು ಮನಸ್ಸಿನಲ್ಲೇ ಕೂಡಿ ನೋಡಿರುತ್ತಾನೆ. ತಾನು ಊರಿಗೆ ಮರಳುವುದಿಲ್ಲ ಎಂದು ಅವನಿಗೆ ಆ ಕ್ಷಣವೇ ಗೊತ್ತಾಗಿರುತ್ತದೆ. ಆ ಮಾತನ್ನು ಕೇಳಿದ ಮೇಲೆಯೇ ಅವನ ಕಿವಿಗೆ 11ನೇ ವಾಕ್ಯ ಬಿದ್ದದ್ದು.

28ನೇ ಅಧ್ಯಾಯಕ್ಕೆ ಹೋಗಿ. ಅಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷ, ಎಲ್ಲವೂ ಸರಿಹೋಗುತ್ತದೆ, ಸೆರೆಹೋದವರೆಲ್ಲ ವಾಪಸ್ ಬರುತ್ತಾರೆ ಎನ್ನುತ್ತಾನೆ. ಬಾಬೆಲಿಗೆ ಮಣಿಯಿರಿ ಎಂಬುದರ ಗುರುತಾಗಿ ಯೆರೆಮೀಯ ಕೊರಳಲ್ಲಿ ಹಾಕಿಕೊಂಡಿದ್ದ ನೊಗವನ್ನು ಕಿತ್ತು ಮುರಿದೇ ಬಿಡುತ್ತಾನೆ. ಯೆರೆಮೀಯ ಅದಕ್ಕೆ ಮೊದಲು ಏನು ಹೇಳಿದ ನೋಡಿ: ಆಮೆನ್, ಹಾಗೇ ಆಗಲಿ. ಅವನಿಗೂ ಅದೇ ಆಸೆ ಇತ್ತು. ಆದರೆ ದೇವರು ಅವನಿಗೆ ಹೇಳಿದ ಮಾತು ಬೇರೆ.

ಇದನ್ನು ಬರೆಯುವಾಗ ನನ್ನ ಕೈ ನಿಂತುಹೋಯಿತು. "ಇನ್ನೇನು, ಎಲ್ಲ ಸರಿಹೋಗುತ್ತದೆ" ಎಂದು ಅಕ್ಕನಿಗೆ ನಾನು ಹೇಳಿದ ಮಾತು ಹನನ್ಯನದು. ಯೆರೆಮೀಯನ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಹನನ್ಯನ ಮಾತು ಆಡಿದ್ದೆ.

ಮೂರನೆಯ ಹೆಜ್ಜೆ: ಇದು ಯಾವ ಬಗೆಯ ಬರಹ?

ಬೈಬಲ್ ಒಂದು ಪುಸ್ತಕದ ಹಾಗೆ ಕಂಡರೂ ಒಳಗೆ ಒಂದು ಕಪಾಟಿನಷ್ಟು ಪುಸ್ತಕಗಳಿವೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66, ಕಥೋಲಿಕರದರಲ್ಲಿ 73. ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ಕೆಲವು ಸೇರುತ್ತವೆ. ಅವುಗಳಲ್ಲಿ ಚರಿತ್ರೆಯಿದೆ, ಕಾನೂನಿದೆ, ಹಾಡಿದೆ, ಗಾದೆಯಿದೆ, ಪತ್ರವಿದೆ, ದರ್ಶನವಿದೆ. ಹಾಡನ್ನು ಕಾನೂನಿನಂತೆ ಓದಿದರೆ ಎರಡೂ ಕೆಡುತ್ತವೆ.

ಜ್ಞಾನೋಕ್ತಿಗಳು 26:4 ಮತ್ತು 26:5 ನೋಡಿ. ಮೂಢನಿಗೆ ಅವನ ಮೂಢತನಕ್ಕೆ ತಕ್ಕ ಉತ್ತರ ಕೊಡಬೇಡ ಎನ್ನುತ್ತದೆ ಮೊದಲನೆಯದು. ಕೊಡು ಎನ್ನುತ್ತದೆ ಅದರ ಪಕ್ಕದ್ದೇ. ಬೈಬಲ್ ತನ್ನನ್ನೇ ಅಲ್ಲಗಳೆಯಿತು ಎಂದು ವಾದಿಸುವವರು ಇದ್ದಾರೆ. ಆದರೆ ಗಾದೆ ಕೇಳಿ ಬೆಳೆದ ಕನ್ನಡಿಗರಿಗೆ ಇದು ತೊಡಕೇ ಅಲ್ಲ. ನಾವು "ತಾಳಿದವನು ಬಾಳಿಯಾನು" ಎನ್ನುತ್ತೇವೆ, "ನಾಳೆ ಎಂದವನ ಮನೆ ಹಾಳು" ಎಂದೂ ಎನ್ನುತ್ತೇವೆ. ಯಾವಾಗ ಯಾವುದನ್ನು ಆಡಬೇಕು ಅನ್ನುವುದರಲ್ಲೇ ಬುದ್ಧಿವಂತಿಕೆ ಇರುವುದು. ಜ್ಞಾನೋಕ್ತಿಗಳೂ ಹಾಗೆ. ಅವು ಬಾಳಿನ ಅನುಭವ. ಹೀಗೆ ಮಾಡಿದರೆ ಹೀಗೇ ಆಗುತ್ತದೆ ಎಂದು ಬರೆದುಕೊಟ್ಟ ಪತ್ರವಲ್ಲ.

ಸಾಮ್ಯಗಳ, ಅಂದರೆ ಯೇಸು ಹೇಳಿದ ಕಥೆಗಳ ವಿಷಯದಲ್ಲಿ ಸಭೆಯ ಹಿರಿಯರೇ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಲೂಕ 10ರ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಹೊಡೆತ ತಿಂದು ಬಿದ್ದವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರವೇ ಸಭೆ ಎಂದು ಆದಿ ಸಭೆಯ ಗುರುಗಳಾದ ಓರಿಗನ್, ಅಗಸ್ಟೀನರಂಥವರು ಓದಿದರು. ಅಂತಿಯೋಕ್ಯದ ಕಡೆಯ ಗುರುಗಳು ಕಥೆಯ ನೇರ ಅರ್ಥಕ್ಕೆ ಜಾಸ್ತಿ ಅಂಟಿಕೊಂಡರು. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇಂಥ ಹೋಲಿಕೆಗಳನ್ನು ಬಲವಾಗಿಯೇ ತಳ್ಳಿಹಾಕಿದರು. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಕಥೆ ಕೇಳಿದವನ ಪ್ರಶ್ನೆ ನೋಡಿ. "ನನ್ನ ನೆರೆಯವನು ಯಾರು?" ಎಂದು ಅವನು ಕೇಳಿದ್ದ. ಅದಕ್ಕೆ ಉತ್ತರ ಸಿಗುವ ತನಕ ಛತ್ರ ಏನು, ಎರಡು ನಾಣ್ಯ ಏನು ಎಂಬುದು ಕಾಯಲಿ.

ನಮ್ಮ ಭಾಗಕ್ಕೆ ಬಂದರೆ, ಇದು ಪ್ರವಾದಿಯ ಗ್ರಂಥದ ಒಳಗಿರುವ ಪತ್ರ. ಪತ್ರ ಎಂದ ಮೇಲೆ ವಿಳಾಸ ಇರುತ್ತದೆ. ಬೇರೆಯವರಿಗೆ ಬಂದ ಪತ್ರವನ್ನು ನಾವು ಓದುತ್ತಿದ್ದೇವೆ. ಓದುವ ಹಕ್ಕು ನಮಗಿದೆ, ಏಕೆಂದರೆ ದೇವಜನರು ಅದನ್ನು ಕಾಪಾಡಿ ನಮ್ಮ ತನಕ ತಂದಿದ್ದಾರೆ. ಆದರೂ ವಿಳಾಸವನ್ನು ಅಳಿಸಬಾರದು.

ನಾಲ್ಕನೆಯ ಹೆಜ್ಜೆ: ಆ ಊರಿಗೆ, ಆ ಕಾಲಕ್ಕೆ ಹೋಗಿ ಬನ್ನಿ

ಇಲ್ಲಿ ಹೊರಗಿನ ಸಹಾಯ ಬೇಕಾಗುತ್ತದೆ. ಒಳ್ಳೆಯ ಬೈಬಲ್ ನಿಘಂಟು, ನಕ್ಷೆ, ವ್ಯಾಖ್ಯಾನ. ಇವು ನಿಮ್ಮಲ್ಲಿ ಇಲ್ಲದಿದ್ದರೆ ಸಭಾಪಾಲಕರನ್ನೋ ಧರ್ಮಗುರುಗಳನ್ನೋ ಕೇಳಿ. ಹೆಚ್ಚಿನವರ ಬಳಿ ಇರುತ್ತವೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ.

ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಮಣಿಸಿ ಯೆಕೊನ್ಯನನ್ನು ಒಯ್ದದ್ದು ಕ್ರಿ.ಪೂ. 597ರಲ್ಲಿ. ಯೆಕೊನ್ಯನಿಗೆ ಯೆಹೋಯಾಖೀನ ಎಂಬ ಹೆಸರೂ ಇದೆ. ಪತ್ರ ಬರೆದಾಗ ದೇವಾಲಯ ಇನ್ನೂ ನಿಂತಿತ್ತು. ಅದು ಸುಟ್ಟುಹೋದದ್ದು ಯೆಕೊನ್ಯನನ್ನು ಒಯ್ದ ಸುಮಾರು ಹತ್ತು ವರ್ಷಗಳ ಮೇಲೆ. ಅಂದರೆ ಪತ್ರ ಕೇಳುತ್ತಿದ್ದವರಿಗೆ ಇನ್ನೂ ಕೆಟ್ಟ ಸುದ್ದಿ ಬರುವುದು ಬಾಕಿ ಇತ್ತು.

ಬಾಬೆಲಿನ ಅಗೆತದಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಮೇಲೆ ಅರಮನೆಯ ಉಗ್ರಾಣದ ಲೆಕ್ಕ ಇದೆ. ಯಾರಿಗೆ ಎಷ್ಟು ಎಣ್ಣೆ ಕೊಟ್ಟರು ಎಂಬ ಪಟ್ಟಿ. ಅದರಲ್ಲಿ ಯೆಹೂದದ ಅರಸ ಯೆಹೋಯಾಖೀನನ ಹೆಸರಿದೆ, ಅವನ ಮಕ್ಕಳಿಗೆ ಕೊಟ್ಟ ಎಣ್ಣೆಯ ಲೆಕ್ಕವೂ ಇದೆ. 1939ರಲ್ಲಿ ಎರ್ನ್ಸ್ಟ್ ವೈಡ್ನರ್ ಎಂಬ ವಿದ್ವಾಂಸರು ಇದನ್ನು ಪ್ರಕಟಿಸಿದರು. ಇದನ್ನು ತಿಳಿದ ದಿನ ನನಗೆ 29:2 ಒಂದು ಹೆಸರಿನ ಪಟ್ಟಿಯಾಗಿ ಉಳಿಯಲಿಲ್ಲ. ಒಬ್ಬ ಅರಸ ಪರರ ಉಗ್ರಾಣದಿಂದ ಅಳೆದು ಕೊಟ್ಟ ಎಣ್ಣೆ ತೆಗೆದುಕೊಂಡು ಬದುಕುತ್ತಿದ್ದಾನೆ. ಅಂಥವರಿಗೆ, ಇಲ್ಲೇ ತೋಟ ಮಾಡಿ ಎಂದು ಪತ್ರ ಬರುತ್ತದೆ.

ಬೇರೆ ಮಣ್ಣಿನ ಹಲಗೆಗಳಿಂದ ಅಲ್ಲಿ ನೆಲೆಸಿದ ಯೆಹೂದ್ಯರ ಒಂದು ಊರಿನ ವಿಷಯವೂ ತಿಳಿದಿದೆ. ಹೊಲ, ಬಾಡಿಗೆ, ಸಾಲದ ವ್ಯವಹಾರಗಳಲ್ಲಿ ಅವರ ಹೆಸರುಗಳು ತಲೆಮಾರುಗಳ ಕಾಲ ಬರುತ್ತವೆ. ಅವರು ನಿಜಕ್ಕೂ ಬೇರೂರಿದ್ದರು.

ಈ ಹೆಜ್ಜೆ ರುಚಿಕರವಾಗಿದೆ, ಅದಕ್ಕೇ ಒಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ "ಹಿನ್ನೆಲೆ" ಎಂದು ಹೇಳುವ ಎಲ್ಲವೂ ನಿಜವಲ್ಲ. ಎರಡು ಕಡೆ ಸಿಗದ ಸಂಗತಿಯನ್ನು ಬೋಧನೆಯಲ್ಲಿ ಹೇಳಬೇಡಿ.

ಐದನೆಯ ಹೆಜ್ಜೆ: ಪದಗಳ ಹತ್ತಿರ ನಿಲ್ಲಿ

ಹಳೆಯ ಒಡಂಬಡಿಕೆ ಹೆಚ್ಚಾಗಿ ಇಬ್ರಿಯ (ಹೀಬ್ರೂ) ಭಾಷೆಯಲ್ಲಿದೆ. ದಾನಿಯೇಲ ಮತ್ತು ಎಜ್ರ ಗ್ರಂಥಗಳ ಕೆಲವು ಭಾಗಗಳು ಅರಾಮ್ಯದಲ್ಲಿವೆ. ಹೊಸ ಒಡಂಬಡಿಕೆ ಗ್ರೀಕಿನಲ್ಲಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಸೇರಿ ಎಷ್ಟೋ ಜನ ಅದನ್ನು ತಿದ್ದಿದ್ದಾರೆ. ನಮ್ಮ ಕೈಲಿರುವ ಒಂದೊಂದು ಪದದ ಹಿಂದೆಯೂ ಯಾರೋ ಕೂತು ಯೋಚಿಸಿದ ತೀರ್ಮಾನ ಇದೆ.

ಅದಕ್ಕೇ ಎರಡು ಅನುವಾದ ಬೇಕು ಎಂದದ್ದು. ಒಂದರಲ್ಲಿ ಯೆಹೋವ ಎಂದಿರುವ ಕಡೆ ಇನ್ನೊಂದರಲ್ಲಿ ಸರ್ವೇಶ್ವರ ಎಂದಿರುತ್ತದೆ. ಎರಡರ ಹಿಂದೆಯೂ ಇರುವುದು ಇಬ್ರಿಯದ ನಾಲ್ಕು ಅಕ್ಷರಗಳ ಅದೇ ಹೆಸರು. ಎರಡು ಅನುವಾದ ಬೇರೆಯಾದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಸಾಮಾನ್ಯವಾಗಿ ಅಲ್ಲೇ ಮೂಲದ ಯಾವುದೋ ಪದ ನಮ್ಮ ಒಂದೇ ಪದದಲ್ಲಿ ಹಿಡಿಸದೆ ಹೊರಗೆ ಉಳಿದಿರುತ್ತದೆ.

ನಮ್ಮ ಭಾಗದಲ್ಲಿ ಅಂಥ ಪದ ಶಾಲೋಮ್. 7ನೇ ವಾಕ್ಯದಲ್ಲಿ ಊರಿನ ಕ್ಷೇಮ ಎನ್ನುವಾಗ ಇರುವುದು ಅದೇ. 11ರಲ್ಲಿ ದೇವರ ಒಳ್ಳೆಯ ಯೋಚನೆ ಎನ್ನುವಾಗ ಇರುವುದೂ ಅದೇ. ಜಗಳವಿಲ್ಲದ ಸ್ಥಿತಿ ಎಂಬುದಷ್ಟೇ ಅದರ ಅರ್ಥವಲ್ಲ. ಮೈ, ಮನೆ, ಊರು ಎಲ್ಲವೂ ಸರಿಯಾಗಿ ಕೂಡಿಕೊಂಡು ಇರುವುದು ಎಂಬ ತುಂಬಿದ ಅರ್ಥ. ಕನ್ನಡದಲ್ಲಿ ಅದನ್ನು ಸಂದರ್ಭ ನೋಡಿ ಕ್ಷೇಮ, ಹಿತ, ಸಮಾಧಾನ ಎಂದೆಲ್ಲ ಹೇಳಬೇಕಾಗುತ್ತದೆ. ಹಾಗಾಗಿ 7ಕ್ಕೂ 11ಕ್ಕೂ ಇರುವ ಗಂಟು ನಮಗೆ ಸುಲಭವಾಗಿ ಕಾಣುವುದಿಲ್ಲ. ಗಂಟು ಕಂಡರೆ ಅರ್ಥವೇ ಬದಲಾಗುತ್ತದೆ. ದೇವರು ಕೊಡುತ್ತೇನೆ ಎನ್ನುವ ಶಾಲೋಮ್, ನೆರೆಯವರಿಗೆ ಬಯಸಿರಿ ಎಂದು ಹೇಳಿದ ಶಾಲೋಮ್‌ನಿಂದ ಬೇರೆಯಲ್ಲ.

ಇನ್ನೊಂದು ವಿಷಯದಲ್ಲಿ ಕನ್ನಡ ನಮಗೆ ಸಹಾಯ ಮಾಡುತ್ತದೆ. ನೀನು, ನೀವು ಎಂಬ ವ್ಯತ್ಯಾಸ ನಮ್ಮಲ್ಲಿದೆ. ಕನ್ನಡ ಬೈಬಲಿನಲ್ಲಿ ದೇವರು ಒಬ್ಬನೊಡನೆ ಮಾತಾಡುವಾಗ "ನೀನು", ಜನರೊಡನೆ ಮಾತಾಡುವಾಗ "ನೀವು". 29:11ರಲ್ಲಿ ಇರುವುದು "ನಿಮ್ಮ". ಅದು ಮರ್ಯಾದೆಯ ಬಹುವಚನವಲ್ಲ, ನಿಜವಾದ ಬಹುವಚನ. ಇಡೀ ಸಮುದಾಯಕ್ಕೆ, ತಲೆಮಾರುಗಳಿಗೆ ಆಡಿದ ಮಾತು. ಮರ್ಯಾದೆಯ "ನೀವು"ಗೆ ನಮ್ಮ ಕಿವಿ ಒಗ್ಗಿರುವುದರಿಂದ, ಅದನ್ನು ನನ್ನೊಬ್ಬನಿಗೇ ಹೇಳಿದ್ದು ಎಂದು ಓದಿಬಿಡುತ್ತೇವೆ. ಹೊಸ ಒಡಂಬಡಿಕೆಯ ಪತ್ರಗಳನ್ನು ಓದುವಾಗಲೂ ಇದನ್ನು ಗಮನಿಸಿ.

ಸಭೆಯ ಮಾತಿನಲ್ಲಿ ಅರ್ಥ ಜರುಗಿರುವ ಪದಗಳೂ ಇವೆ. "ದೇವರು ಅವಳಿಗೆ ಹಾಡುವ ತಲಾಂತು ಕೊಟ್ಟಿದ್ದಾರೆ" ಎನ್ನುತ್ತೇವೆ. ಆದರೆ ಮತ್ತಾಯ 25ರ ತಲಾಂತು ಹಣದ ಒಂದು ದೊಡ್ಡ ತೂಕ. ಒಂದು ತಲಾಂತು ಸುಮಾರು 6,000 ದಿನಾರಿ ಬೆಳ್ಳಿ ನಾಣ್ಯಗಳಿಗೆ ಸಮ. ಮತ್ತಾಯ 20ರ ಪ್ರಕಾರ ಕೂಲಿಯವನ ಒಂದು ದಿನದ ಸಂಬಳ ಒಂದು ದಿನಾರಿ. ವಾರಕ್ಕೆ ಆರು ದಿನ ದುಡಿದರೆ ಒಂದು ತಲಾಂತು ಸೇರಿಸಲು ಸುಮಾರು ಇಪ್ಪತ್ತು ವರ್ಷ ಬೇಕು. ಆ ಸಾಮ್ಯದಲ್ಲಿ ಒಂದೇ ತಲಾಂತು ಸಿಕ್ಕ ಆಳನ್ನು "ಪಾಪ, ಅವನಿಗೆ ಸ್ವಲ್ಪ ಸಿಕ್ಕಿತು" ಎಂದು ನಾವು ಭಾನುವಾರ ಶಾಲೆಯಲ್ಲಿ ಕಲಿಸುತ್ತೇವಲ್ಲ, ಅದು ಸರಿಯೇ ಎಂದು ಯೋಚಿಸಿ ನೋಡಿ.

ಆರನೆಯ ಹೆಜ್ಜೆ: ಬೈಬಲಿನ ಉಳಿದ ಭಾಗ ಏನು ಹೇಳುತ್ತದೆ?

ಕೆಲವು ಬೈಬಲ್‌ಗಳಲ್ಲಿ ಪುಟದ ಅಂಚಿನಲ್ಲೋ ಕೆಳಗೋ ಸಣ್ಣಕ್ಷರದಲ್ಲಿ ಬೇರೆ ವಾಕ್ಯಗಳ ಸಂಖ್ಯೆ ಕೊಟ್ಟಿರುತ್ತಾರೆ. ಅವನ್ನು ಹಿಡಿದು ಹೋಗಿ. ಎಪ್ಪತ್ತು ವರ್ಷದ ಜಾಡು ನಿಮ್ಮನ್ನು ದಾನಿಯೇಲ 9:2ಕ್ಕೆ ಕರೆದೊಯ್ಯುತ್ತದೆ. ಅಲ್ಲಿ ದಾನಿಯೇಲ ಬಾಬೆಲಿನಲ್ಲಿ ಕೂತು ಯೆರೆಮೀಯನ ಬರಹವನ್ನೇ ಓದುತ್ತಿದ್ದಾನೆ! ಬೈಬಲಿನ ಒಳಗೇ ಒಬ್ಬ ಬೈಬಲ್ ಓದುವವನು. ಓದಿ ಅವನು ಲೆಕ್ಕ ಹಾಕುತ್ತಾ ಕೂರಲಿಲ್ಲ. ಉಪವಾಸ ಮಾಡಿ ತನ್ನ ಜನರ ಪಾಪವನ್ನು ಅರಿಕೆಮಾಡಿ ಪ್ರಾರ್ಥಿಸಿದ. ಎಜ್ರ 1ರಲ್ಲಿ ಪಾರಸಿಯರ ಅರಸ ಕೋರೆಷ ಜನರನ್ನು ಊರಿಗೆ ಬಿಟ್ಟುಕೊಡುತ್ತಾನೆ. ಅವನು ಬಾಬೆಲನ್ನು ಗೆದ್ದದ್ದು ಕ್ರಿ.ಪೂ. 539ರಲ್ಲಿ. ಎಪ್ಪತ್ತನ್ನು ಎಲ್ಲಿಂದ ಎಲ್ಲಿಗೆ ಎಣಿಸಬೇಕು ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಾತು ನೆರವೇರಿತು ಎಂಬ ಸಾಕ್ಷಿ ಮಾತ್ರ ಸ್ಪಷ್ಟ.

ಇಲ್ಲಿಂದ ಕ್ರೈಸ್ತರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇವೆ. ಲೂಕ 24ರಲ್ಲಿ, ಎಮ್ಮಾಹುವಿನ ದಾರಿಯಲ್ಲಿ, ಸತ್ತು ಎದ್ದುಬಂದ ಯೇಸು ಇಬ್ಬರು ಶಿಷ್ಯರಿಗೆ ಮೋಶೆಯಿಂದ ಶುರುಮಾಡಿ ಎಲ್ಲ ಪ್ರವಾದಿಗಳ ಬರಹದಲ್ಲೂ ತನ್ನ ವಿಷಯ ಇರುವುದನ್ನು ತೋರಿಸಿದನು. ಆದ್ದರಿಂದ ಹಳೆಯ ಒಡಂಬಡಿಕೆಯನ್ನು ನಾವು ಕ್ರಿಸ್ತನ ಬೆಳಕಿನಲ್ಲಿ ಓದುತ್ತೇವೆ. ಚದರಿದವರನ್ನು ಕೂಡಿಸುತ್ತೇನೆ ಎಂಬ 14ನೇ ವಾಕ್ಯ ಅವನಲ್ಲಿ ಇನ್ನೂ ಅಗಲವಾಗುತ್ತದೆ. ಆದರೆ ಇದು ಮೊದಲು ಯೆಹೂದ್ಯರ ಪತ್ರ. ಅವರು ಇಂದಿಗೂ ಅದನ್ನು ತಮ್ಮ ಪತ್ರವಾಗಿ ಓದುತ್ತಾರೆ. ಅದನ್ನು ಅವರ ಕೈಯಿಂದ ಕಿತ್ತುಕೊಂಡಂತೆ ನಾವು ಓದಬಾರದು.

ಏಳನೆಯ ಹೆಜ್ಜೆ: ಒಬ್ಬರೇ ಓದಿ ಮುಗಿಸಬೇಡಿ

ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಓದುತ್ತಿರುವುದು ತಿಳಿಯುತ್ತದೋ ಎಂದು ಫಿಲಿಪ್ಪ ಕೇಳುತ್ತಾನೆ. ಯಾರಾದರೂ ದಾರಿ ತೋರಿಸದೆ ಹೇಗೆ ತಿಳಿದೀತು ಎನ್ನುತ್ತಾನೆ ಅಧಿಕಾರಿ, ಪಕ್ಕದಲ್ಲಿ ಕೂತುಕೊಳ್ಳಲು ಕರೆಯುತ್ತಾನೆ. ನನಗೆ ಆ ಅಧಿಕಾರಿಯ ಮೇಲೆ ತುಂಬ ಗೌರವ.

ಯಾರು ದಾರಿ ತೋರಿಸಬೇಕು ಎಂಬುದರಲ್ಲಿ ಸಭೆಗಳು ಬೇರೆ ಬೇರೆಯಾಗಿ ನಂಬುತ್ತವೆ. ಕಥೋಲಿಕರು ಧರ್ಮಗ್ರಂಥವನ್ನೂ ಪರಂಪರೆಯನ್ನೂ ಜೊತೆಯಾಗಿ ಹಿಡಿಯುತ್ತಾರೆ. ಅರ್ಥ ಹೇಳುವ ಅಧಿಕಾರ ಸಭೆಯ ಬೋಧನಾ ಪೀಠದ್ದು ಎಂದು 1965ರ ವ್ಯಾಟಿಕನ್ ಮಹಾಸಭೆಯ ದಾಖಲೆಯೂ ಹೇಳಿತು. ಅದೇ ದಾಖಲೆ ವಿಶ್ವಾಸಿಗಳೆಲ್ಲ ಬೈಬಲ್ ಓದಬೇಕೆಂದೂ ಒತ್ತಿ ಹೇಳಿತು. ಆರ್ಥೊಡಾಕ್ಸರು ಆದಿ ಸಭೆಯ ಪಿತೃಗಳ ಮಾತಿಗೂ ಆರಾಧನೆಗೂ ಜೋಡಿಸಿ ಓದುತ್ತಾರೆ. ಲೂಥರ್ ಕಾಲದಿಂದ ಪ್ರೊಟೆಸ್ಟೆಂಟರು ಕೊನೆಯ ಮಾತು ಬೈಬಲಿನದೇ ಎನ್ನುತ್ತಾರೆ. ಹಾಗೆಂದು ಪ್ರತಿಯೊಬ್ಬರೂ ತೋಚಿದ ಅರ್ಥ ಹೇಳಬಹುದು ಎಂದು ಲೂಥರ್ ಎಂದೂ ಹೇಳಲಿಲ್ಲ.

ಓದುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೂ ಕಾಣುವುದು ಬೇರೆಯಾಗುತ್ತದೆ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ದಲಿತರ ಬದುಕಿನಿಂದ ಬೈಬಲ್ ಓದುವ ದಾರಿಗೆ ಮಾತು ಕೊಟ್ಟರು. ಅವರು ಹಿಡಿದ ಒಂದು ಭಾಗ ಧರ್ಮೋಪದೇಶಕಾಂಡ 26. ನನ್ನ ಪಿತೃ ಅಲೆಮಾರಿ ಅರಾಮ್ಯನು ಎಂದು ಶುರುವಾಗುವ ನಂಬಿಕೆಯ ಮಾತು. ನೆಲೆಯಿಲ್ಲದವರ ಬಾಯಲ್ಲಿ ಆ ಸಾಲು ಕೇಳಿದರೆ, ಮನೆ ಆಸ್ತಿ ಇರುವ ನಮಗೆ ಅದು ಇಷ್ಟು ದಿನ ಯಾಕೆ ಕೇಳಿಸಲಿಲ್ಲ ಅನಿಸುತ್ತದೆ. ನಿಮ್ಮ ಗುಂಪಿನಲ್ಲಿ ಒಂದೇ ಬಗೆಯ ಜನ ಇದ್ದರೆ ಬೇರೆಯವರನ್ನೂ ಕರೆಯಿರಿ. ದುಬೈಗೋ ಲಂಡನ್ನಿಗೋ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪತ್ರ ಬೇರೆಯಾಗಿಯೇ ಕೇಳಿಸೀತು.

ಎಂಟನೆಯ ಹೆಜ್ಜೆ: ಈಗ ಮನೆಗೆ ತನ್ನಿ

ಏಳು ಹೆಜ್ಜೆ ಆದ ಮೇಲೆ "ನನಗೇನು" ಎಂದು ಕೇಳಿ. ನಾನು ಎರಡು ಸಾಲು ಬರೆಯುತ್ತೇನೆ. ಈ ಭಾಗ ಏನು ಹೇಳುವುದಿಲ್ಲ? ಏನು ಹೇಳುತ್ತದೆ?

ನನ್ನ ಕಾಯಿಲೆ ಈ ವರ್ಷ ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ, ವೀಸಾ ಬರುತ್ತದೆ ಎಂದು ಇದು ಹೇಳುವುದಿಲ್ಲ. ನಮ್ಮ ಕಷ್ಟ ನಮ್ಮನ್ನು ಮೀರಿ ಉದ್ದವಾದರೂ ದೇವರು ತನ್ನ ಜನರನ್ನು ಬಿಟ್ಟಿಲ್ಲ ಎಂದು ಹೇಳುತ್ತದೆ. ನಾವು ಬೇಡವೆಂದ ಊರಿನಲ್ಲೂ ಬಾಳಬೇಕು, ಅಲ್ಲಿಯವರ ಒಳ್ಳೆಯದನ್ನು ಬಯಸಬೇಕು ಎಂದು ಹೇಳುತ್ತದೆ. ನಮ್ಮ ಮೊಮ್ಮಕ್ಕಳು ಕಾಣುವ ದಿನಕ್ಕಾಗಿ ನಾವು ಇಂದು ಗಿಡ ನೆಡಬಹುದು ಎಂದು ಹೇಳುತ್ತದೆ.

ಅಗಸ್ಟೀನ್ ಒಂದು ಪರೀಕ್ಷೆ ಕೊಟ್ಟಿದ್ದಾರೆ. ನೀವು ಕಂಡುಕೊಂಡ ಅರ್ಥ ದೇವರ ಮೇಲಿನ ಮತ್ತು ನೆರೆಯವನ ಮೇಲಿನ ಪ್ರೀತಿಯನ್ನು ಬೆಳೆಸದಿದ್ದರೆ ನಿಮಗಿನ್ನೂ ಅರ್ಥವಾಗಿಲ್ಲ ಎಂದು. ನೊಂದವರ ಎದುರು ವಾಕ್ಯ ತೆಗೆಯುವ ಮೊದಲು ಈ ಪರೀಕ್ಷೆಯನ್ನು ನೆನೆಯಿರಿ. ನಾನು ಅಂದು ಸುಮ್ನೆ ಅಕ್ಕನ ಪಕ್ಕ ಕೂತಿರಬೇಕಿತ್ತು.

ಬರೆದದ್ದು ಮುಗಿದ ಮೇಲೆ ಪುಸ್ತಕ ಮುಚ್ಚಿ. 12ನೇ ಶತಮಾನದ ಗಿಗೋ ಎಂಬ ಸನ್ಯಾಸಿ ಓದು, ಮನನ, ಪ್ರಾರ್ಥನೆ, ಮೌನಧ್ಯಾನ ಎಂಬ ನಾಲ್ಕು ಮೆಟ್ಟಿಲ ಏಣಿಯ ಬಗ್ಗೆ ಬರೆದರು. ಕಥೋಲಿಕ ಮಠಗಳಲ್ಲಿ ಬೆಳೆದ ಅಭ್ಯಾಸ ಅದು, ಈಗ ಬೇರೆ ಸಭೆಗಳವರೂ ಮಾಡುತ್ತಾರೆ. ವಾರವಿಡೀ ಓದಿದ ಭಾಗದಲ್ಲಿ ಮನಸ್ಸಿಗೆ ಹಿಡಿದ ಒಂದೇ ಮಾತನ್ನು ಇಟ್ಟುಕೊಂಡು ಹತ್ತು ನಿಮಿಷ ದೇವರ ಮುಂದೆ ಕೂತಿರಿ.

ಒಂದೂವರೆ ವರ್ಷ ಕಳೆದ ಮೇಲೆ ಆ ಅಕ್ಕನ ಮನೆಯಲ್ಲಿ ನಾವು ಆರು ಜನ ಕೂತು ಇಡೀ ಪತ್ರವನ್ನು ಜೋರಾಗಿ ಓದಿದೆವು. ಎಪ್ಪತ್ತು ವರ್ಷ ಎಂದು ಬಂದಾಗ ಅಕ್ಕ ಕೈ ಎತ್ತಿ ನಿಲ್ಲಿಸಿದರು. "ಅಂದ್ರೆ ಆ ಪತ್ರ ಕೇಳಿದ ಎಷ್ಟೋ ಹೆಂಗಸರು ಅಲ್ಲೇ ಗಂಡನ್ನ ಮಣ್ಣು ಮಾಡಿರ್ತಾರೆ, ಅಲ್ವಾ?" ಎಂದರು. ಹೌದಕ್ಕಾ ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರು, "ಹಾಗಾದ್ರೆ ನನಗೂ ಇರಲಿ" ಎಂದು ಕನ್ನಡಿಯ ಮೂಲೆಯ ಕಾರ್ಡನ್ನು ತೆಗೆದು ಬೈಬಲಿನ ಆ ಪುಟದಲ್ಲೇ ಇಟ್ಟರು.

ಮುಂದಿನ ವಾರಕ್ಕೆ ನಿಮಗೆ ಒಂದು ಭಾಗ ಬೇಕಿದ್ದರೆ ಫಿಲೆಮೋನನಿಗೆ ಬರೆದ ಪತ್ರ ತೆಗೆದುಕೊಳ್ಳಿ. 25 ವಾಕ್ಯ ಅಷ್ಟೇ. ಜೋರಾಗಿ ಓದಿದರೂ ಐದು ನಿಮಿಷ ಸಾಕು. ಅದು ಒನೇಸಿಮ ಎಂಬ ದಾಸನನ್ನು ಅವನ ಧಣಿಗೆ ವಾಪಸ್ ಕಳಿಸುತ್ತಾ ಪೌಲನು ಸೆರೆಯಿಂದ ಬರೆದದ್ದು. ಯಾರು ಯಾರಿಗೆ ಎಂದು ಬರೆಯುವಾಗ ಮೊದಲ ಮೂರು ವಾಕ್ಯಗಳ ಹೆಸರುಗಳನ್ನು ಬಿಡಬೇಡಿ, ಪತ್ರ ಫಿಲೆಮೋನನೊಬ್ಬನಿಗೇ ಬಂದದ್ದಲ್ಲ. ಆಮೇಲೆ ನೀನು, ನೀವು ಎಲ್ಲೆಲ್ಲಿ ಬದಲಾಗುತ್ತದೆ ಎಂದು ಗುರುತು ಹಾಕುತ್ತಾ ಹೋಗಿ.